‘ಮ್ಯಾಟರ್ ಆಫ್ ಫ್ಯಾಕ್ಟ್’ ಎಂದು ಬರೆದ ಮಾತ್ರಕ್ಕೆ ಬರಹ ತಟಸ್ಥವಾಗುತ್ತದೆಯೇ?

ಪ್ರಶ್ನೆ: ನಾನು ಮುಲುಂಡ್‌ನ ಒಂದು ಹೌಸಿಂಗ್ ಸೊಸೈಟಿಯಲ್ಲಿ ಹೋದ ವರ್ಷದಿಂದ ಸೆಕ್ರೆಟರಿ. ಏಳನೆಯ ತರಗತಿಯವರೆಗೆ ಮುಂಬಯಿ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ನಮ್ಮ ಬಿಲ್ಡಿಂಗ್‌ನಲ್ಲಿ ಮರಾಠಿ, ಗುಜರಾತಿ, ತುಳು, ತಮಿಳು, ಕನ್ನಡದವರೆಲ್ಲ ಇರುವುದರಿಂದ ಮಿನಿಟ್ಸ್, ಅಂದರೆ ಸಭೆಯ ನಡಾವಳಿ, ಇಂಗ್ಲಿಷಿನಲ್ಲೇ ಆಗಬೇಕು. 302ರ ಬಾತ್‌ರೂಮ್ ಸೀಲಿಂಗ್ ಸೋರುತ್ತಿದೆ ಎಂದು ಅವರಿಗೂ ಮೇಲಿನ 402ರವರಿಗೂ ಜಗಳ. ಜುಲೈ 14ಕ್ಕೆ ಪ್ಲಂಬರ್ ಜೊತೆ ಹೋಗಿ 302 ನೋಡಿ ಬಂದೆ. 402ರ ಟೈಲ್ಸ್ ತೆಗೆಸಿ ನೋಡಿಲ್ಲ. ಜುಲೈ 16ಕ್ಕೆ ಒಂದು, ಆಗಸ್ಟ್ 2ಕ್ಕೆ ಒಂದು ಪತ್ರ 402ರವರಿಗೆ ಕೊಟ್ಟೆ. ಮಕ್ಕಳ ಪರೀಕ್ಷೆ ಮುಗಿಯಲಿ ಎಂದರು. ನನ್ನ ಮೊದಲ ಕರಡು ನೋಡಿ ಚೇರ್ಮನ್ನರು ‘ತುಂಬ ಬಣ್ಣ ಕಟ್ಟಿದ್ದೀರಿ, ಮ್ಯಾಟರ್ ಆಫ್ ಫ್ಯಾಕ್ಟ್ ಆಗಿ ಬರೆಯಿರಿ’ ಎಂದರು. ಮುಖ್ಯ ವಾಕ್ಯಗಳ ಮುಂದೆಲ್ಲ ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಸೇರಿಸಿ ಎಲ್ಲರಿಗೂ ಕಳಿಸಿದೆ. ಈಗ 402ರವರು ನಾನು ಪಕ್ಷಪಾತ ಮಾಡಿದ್ದೇನೆ ಎಂದು ಲಿಖಿತವಾಗಿ ಕೊಟ್ಟಿದ್ದಾರೆ. ಮಗಳು ನೋಡಿ ‘ಮಧ್ಯೆ ಗೆರೆ ಹಾಕಬೇಕಿತ್ತಮ್ಮ’ ಎನ್ನುತ್ತಾಳೆ. ಕರಡಿನ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಈ ಮಾತನ್ನು ಎಲ್ಲಿ, ಹೇಗೆ ಬಳಸಬೇಕು? ಈಗ ನಾನೇನು ಮಾಡಲಿ?

ಉತ್ತರ: ಮಗಳು ಹೇಳಿದ ಗೆರೆಯ, ಅಂದರೆ ಹೈಫನ್‌ನ, ವಿಷಯ ಸಣ್ಣದು, ಅದನ್ನು ಆಮೇಲೆ ನೋಡೋಣ. ತಟಸ್ಥವಾಗಿರಲಿ ಎಂದೇ ಸೇರಿಸಿದ ಮಾತು ಪಕ್ಷಪಾತದ ಆರೋಪ ಏಕೆ ತಂದಿತು ಎನ್ನುವುದು ಮೊದಲು ತಿಳಿಯಬೇಕು. 402ರವರು ಸುಮ್ಮನೆ ಕಾಲುಕೆರೆದು ಜಗಳಕ್ಕೆ ಬಂದಿದ್ದಾರೆ ಎಂದು ನಿಮಗೆ ಅನ್ನಿಸಿರಬಹುದು. ಕರಡನ್ನು ಓದಿದರೆ ಅವರಿಗೆ ನೋವಾದದ್ದು ಸಹಜವೆಂದೇ ಹೇಳಬೇಕು. ಪಕ್ಷಪಾತ ನಿಮ್ಮ ಮನಸ್ಸಿನಲ್ಲಿ ಇರಲಿಲ್ಲ, ವಾಕ್ಯದಲ್ಲಿ ಸೇರಿಕೊಂಡಿತು.

ಚೇರ್ಮನ್ನರು ಹೇಳಿದ್ದು ಒಂದು ವಿಶೇಷಣ: ಬರಹದ ಧಾಟಿ ಹೇಗಿರಬೇಕು ಎಂಬ ಮಾತು. ನೀವು ಬರೆದದ್ದು ವಾಕ್ಯಕ್ಕೆ ಮುನ್ನುಡಿಯಾಗಿ ಬರುವ ಒಂದು ನುಡಿಗಟ್ಟು. ಶಬ್ದಗಳು ಹೆಚ್ಚುಕಡಿಮೆ ಅವೇ, ಕೆಲಸ ಮಾತ್ರ ಪೂರ್ತಿ ಬೇರೆ. ‘ಅಡುಗೆಗೆ ಉಪ್ಪು ಹದವಾಗಿರಲಿ’ ಎಂದಾಗ ಉಪ್ಪಿನ ಡಬ್ಬಿಯನ್ನೇ ತಂದು ಎಲೆಯ ಮೇಲಿಟ್ಟ ಹಾಗಾಯಿತು.

‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಎನ್ನುವುದು ಇಂಗ್ಲಿಷಿನಲ್ಲಿ ಎದುರಿನವರ ಊಹೆಯನ್ನು ತಿದ್ದುವಾಗ ಬರುವ ಮಾತು. ‘ಪ್ಲಂಬರ್ ಬಂದೇ ಇಲ್ಲವಲ್ಲ’ ಎಂದು ಯಾರೋ ಹೇಳುತ್ತಾರೆ. ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಹೀ ಕೇಮ್ ಟ್ವೈಸ್’ ಎಂದು ಉತ್ತರ. ‘ನೀವು ಅಂದುಕೊಂಡ ಹಾಗಲ್ಲ, ಎರಡು ಸಲ ಬಂದಿದ್ದ’ ಎಂಬ ಧ್ವನಿ ಅದರಲ್ಲಿದೆ. ಕೆಲವೊಮ್ಮೆ ಅದು ತಿದ್ದುವುದಿಲ್ಲ, ಹೇಳಿದ್ದಕ್ಕೆ ಒತ್ತು ಕೊಟ್ಟು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ: ‘ಅವರ ಪರಿಚಯ ಇದೆ, ಹಾಗೆ ನೋಡಿದರೆ ನಾವು ಒಂದೇ ಊರಿನವರು’ ಎಂಬಂತೆ. ಎರಡೂ ಕಡೆ ಅದಕ್ಕೆ ಮೊದಲೇ ಒಂದು ಮಾತು ಇರಬೇಕು. ಅದಿಲ್ಲದೆ ಬಳಸಿದರೆ ಓದುಗರು ತಾವೇ ಒಂದನ್ನು ಕಲ್ಪಿಸಿಕೊಳ್ಳುತ್ತಾರೆ. ನಿಮ್ಮ ಮಿನಿಟ್ಸ್‌ನಲ್ಲಿ ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ ಎಂದು ಓದಿದ ಕೂಡಲೇ ‘402ರವರು ಇಲ್ಲ ಅನ್ನುತ್ತಾರೆ, ನಿಜ ಮಾತ್ರ ಹೀಗಿದೆ’ ಎಂದು ಕಿವಿಗೆ ಬೀಳುತ್ತದೆ. ಅಲ್ಲಿಗೆ ಸೆಕ್ರೆಟರಿ 302ರವರ ಪಕ್ಕ ಹೋಗಿ ನಿಂತ ಹಾಗಾಯಿತು.

ಈ ತಪ್ಪು ನಿಮ್ಮೊಬ್ಬರದಲ್ಲ. ಕನ್ನಡದ ‘ವಾಸ್ತವವಾಗಿ’ ಎರಡೂ ಕೆಲಸ ಮಾಡುತ್ತದೆ. ‘ವಾಸ್ತವವಾಗಿ ಏನು ನಡೆಯಿತೋ ಅಷ್ಟೇ ಬರೆಯಿರಿ’ ಎಂದಾಗ ಅದು ಬರಹದ ಪ್ರಾಮಾಣಿಕತೆಯ ಮಾತು. ‘ವಾಸ್ತವವಾಗಿ ಅವರು ಬಂದೇ ಇರಲಿಲ್ಲ’ ಎಂದಾಗ ಅದು ತಿದ್ದುಪಡಿ. ಮುಂಬಯಿಯಲ್ಲಿ ದಿನವಿಡೀ ಕಿವಿಗೆ ಬೀಳುವ ಮರಾಠಿಯ ‘ವಾಸ್ತವಿಕ್’, ‘ಖರಂ ತರ್’, ಹಿಂದಿಯ ‘ಅಸಲ್ ಮೇ’, ಎಲ್ಲರ ಬಾಯಲ್ಲೂ ಇರುವ ‘ಆ್ಯಕ್ಚುಲಿ’ ಇವೂ ಸೇರಿಕೊಂಡು ಇಂಥ ಮಾತುಗಳು ಬರಿಯ ಆರಂಭದ ಉಸಿರಿನಂತಾಗಿವೆ. ಮಾತಿನಲ್ಲಿ ಅವು ತೊಂದರೆ ಕೊಡುವುದಿಲ್ಲ, ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕಾಗದದ ಮೇಲೆ ಮುಖ ಕಾಣಿಸುವುದಿಲ್ಲ, ಅದೇ ಮಾತು ಗಟ್ಟಿಯಾಗಿ ಕೇಳಿಸುತ್ತದೆ.

ಆದ್ದರಿಂದ ಎರಡು ನಂಬಿಕೆಗಳನ್ನು ಬಿಡಬೇಕು. ಈ ಮಾತು ಸೇರಿಸಿದರೆ ಹೇಳಿಕೆಗೆ ಅಧಿಕೃತ ಮುದ್ರೆ ಬೀಳುತ್ತದೆ ಎನ್ನುವುದು ಒಂದು. ಹಾಗೇನೂ ಇಲ್ಲ. ‘ನಿಜವಾಗಿ’ ಎಂದು ಪದೇಪದೇ ಹೇಳುವವರ ಮಾತಿನ ಮೇಲೆ ನಮಗೆ ಅನುಮಾನ ಬರುವ ಹಾಗೆಯೇ ಇಲ್ಲೂ ಆಗುತ್ತದೆ. ಇದು ತಪ್ಪು ಇಂಗ್ಲಿಷ್, ಬಳಸಲೇಬಾರದು ಎನ್ನುವುದು ಇನ್ನೊಂದು. ಅದೂ ಸರಿಯಲ್ಲ. ‘ಸೊಸೈಟಿ ನಮ್ಮ ಪತ್ರಕ್ಕೆ ಉತ್ತರವನ್ನೇ ಕೊಟ್ಟಿಲ್ಲ’ ಎಂದು ಸದಸ್ಯರೊಬ್ಬರು ಬರೆದು, ನೀವು ಉತ್ತರ ಕೊಟ್ಟದ್ದಕ್ಕೆ ಸ್ವೀಕೃತಿಯ ಸಹಿ ಇದ್ದರೆ, ಅಲ್ಲಿ ಅದನ್ನು ಒಂದು ಸಲ ಬಳಸಬಹುದು. ಅಲ್ಲಿಯೂ ಮೊನಚು ಇರುತ್ತದೆ ಎಂಬುದು ನೆನಪಿರಲಿ. ಹಿರಿಯರಿಗೋ ಅಧಿಕಾರಿಗೋ ಬರೆಯುವಾಗ ಅದನ್ನು ಬಿಟ್ಟು ತಾರೀಕನ್ನಷ್ಟೇ ಹೇಳುವುದು ಒಳ್ಳೆಯದು: ‘ಅವರ್ ರಿಪ್ಲೈ ವಾಸ್ ಡೆಲಿವರ್ಡ್ ಆನ್ 5 ಆಗಸ್ಟ್’. ತಾರೀಕೇ ತಿದ್ದುವ ಕೆಲಸ ಮಾಡುತ್ತದೆ.

ಈಗ ಗೆರೆ. ವಿಶೇಷಣವಾಗಿ ಬಂದಾಗ ಮೂರೂ ಪದಗಳನ್ನು ಎರಡು ಹೈಫನ್‌ಗಳಿಂದ ಜೋಡಿಸಬೇಕು: ‘ಎ ಮ್ಯಾಟರ್-ಆಫ್-ಫ್ಯಾಕ್ಟ್ ರಿಪೋರ್ಟ್’. ನಿಘಂಟುಗಳು ಅದನ್ನು ಹೈಫನ್ ಸಮೇತವೇ ಕೊಡುತ್ತವೆ, ಹಾಗಾಗಿ ‘ಹರ್ ಟೋನ್ ವಾಸ್ ಮ್ಯಾಟರ್-ಆಫ್-ಫ್ಯಾಕ್ಟ್’ ಎಂದು ಕ್ರಿಯಾಪದದ ನಂತರ ಬಂದಾಗಲೂ ಹೈಫನ್ ಇಡುವುದು ವಾಡಿಕೆ. ಕ್ರಿಯಾವಿಶೇಷಣ ಮಾಡಿದರೆ ‘ಮ್ಯಾಟರ್-ಆಫ್-ಫ್ಯಾಕ್ಟ್‌ಲಿ’. ಕೊನೆಯ ‘ಲಿ’ಗೆ ಮುಂಚೆ ಮೂರನೆಯ ಹೈಫನ್ ಬೇಡ. ‘ಫ್ಯಾಕ್ಚುವಲಿ’ ಎಂದು ಎಳೆಯುವುದೂ ಬೇಡ. ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್’ನಲ್ಲಿ ಮಾತ್ರ ಹೈಫನ್ ಒಂದೂ ಇರುವುದಿಲ್ಲ. ಹೀಗಾಗಿ ನಿಮ್ಮ ಕರಡಿನಲ್ಲಿ ಗೆರೆ ಇಲ್ಲದಿದ್ದದ್ದೇ ಸರಿ; ಮಗಳ ಮನಸ್ಸಿನಲ್ಲಿದ್ದದ್ದು ಚೇರ್ಮನ್ನರ ವಿಶೇಷಣ. ವಾಕ್ಯದ ಮೊದಲಲ್ಲಿ ಬಂದರೆ ನಂತರ ಒಂದು ಅಲ್ಪವಿರಾಮ, ನಡುವೆ ಬಂದರೆ ಎರಡು ಬದಿಗೂ. ಕರಡುಗಳಲ್ಲಿ ಹೆಚ್ಚು ಕಾಣುವ ತಪ್ಪು ‘ಎ’ ಅಕ್ಷರದ್ದು: ‘ಆ್ಯಸ್ ಮ್ಯಾಟರ್ ಆಫ್ ಫ್ಯಾಕ್ಟ್’, ‘ಆ್ಯಸ್ ದ ಮ್ಯಾಟರ್ ಆಫ್ ಫ್ಯಾಕ್ಟ್’ ಎರಡೂ ತಪ್ಪು. ‘ದ ಫ್ಯಾಕ್ಟ್ ಆಫ್ ದ ಮ್ಯಾಟರ್ ಈಸ್’ ಎಂಬ ಬೇರೆ ಮಾತು ಬೆರೆತು ‘ದ’ ನುಸುಳುತ್ತದೆ. ಆ ಮಾತು ಇನ್ನೂ ಖಾರ. ‘ಎಷ್ಟೇ ಮುಚ್ಚಿಟ್ಟರೂ ಅಸಲು ಸಂಗತಿ ಇದು’ ಎನ್ನುವ ಧಾಟಿ. ಮಿನಿಟ್ಸ್‌ನ ಹತ್ತಿರ ಅದನ್ನು ತರಲೇಬೇಡಿ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ‘ಆ್ಯಸ್ ಎ ಮ್ಯಾಟರ್ ಆಫ್ ಕೋರ್ಸ್’ ಎಂದರೆ ರೂಢಿಯಂತೆ, ತಾನೇತಾನಾಗಿ ಆಗುವುದು. ‘ಆ್ಯಸ್ ಎ ಮ್ಯಾಟರ್ ಆಫ್ ರೈಟ್’ ಎಂದರೆ ಹಕ್ಕಿನಿಂದ. ‘ಮ್ಯಾಟರ್ ಆಫ್ ರೆಕಾರ್ಡ್’ ಎಂದರೆ ಕಾಗದಪತ್ರದಲ್ಲಿ ಇರುವುದು. ವಕೀಲರು ತಮ್ಮ ಜವಾಬಿನಲ್ಲಿ ಬಳಸುವುದು ಇದನ್ನೇ. ಸೊಸೈಟಿಯ ಪತ್ರಗಳಲ್ಲಿ ಜನ ‘ಮ್ಯಾಟರ್ ಆಫ್ ಫ್ಯಾಕ್ಟ್’ ಎಂದು ಬರೆಯುವ ಕಡೆ ಬಹಳ ಸಲ ಬೇಕಾಗಿರುವುದು ‘ರೆಕಾರ್ಡ್’. ಜುಲೈ 16ರ ಪತ್ರ ತಲುಪಿದ್ದು ದಾಖಲೆಯಲ್ಲಿದೆ. ಸೋರಿಕೆಯ ಕಾರಣ ದಾಖಲೆಯಲ್ಲಿ ಇಲ್ಲ, ಏಕೆಂದರೆ ಅದನ್ನು ಯಾರೂ ಪರೀಕ್ಷಿಸಿಲ್ಲ.

ಈ ನುಡಿ ಹುಟ್ಟಿದ್ದೇ ಕೋರ್ಟಿನಲ್ಲಿ ಎನ್ನುವುದನ್ನು ತಿಳಿದರೆ ಇದರ ಬಿಗಿ ಅರ್ಥವಾಗುತ್ತದೆ. 16ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೊಕದ್ದಮೆಯ ವಿಚಾರಗಳನ್ನು ಎರಡಾಗಿ ಒಡೆಯುತ್ತಿದ್ದರು: ಏನು ನಡೆಯಿತು ಎಂಬುದು ‘ಮ್ಯಾಟರ್ ಆಫ್ ಫ್ಯಾಕ್ಟ್’, ಅದಕ್ಕೆ ಯಾವ ಕಾನೂನು ಹೊಂದುತ್ತದೆ ಎಂಬುದು ‘ಮ್ಯಾಟರ್ ಆಫ್ ಲಾ’. ಭಾವನೆ ಬೆರೆಸದ, ನೇರವಾದ ಎಂಬ ವಿಶೇಷಣಾರ್ಥ ಬಂದದ್ದು 18ನೆಯ ಶತಮಾನದಲ್ಲಿ. ನಮ್ಮ 1908ರ ಸಿವಿಲ್ ಪ್ರೊಸೀಜರ್ ಕೋಡ್ ಇವತ್ತಿಗೂ ವಿವಾದಾಂಶಗಳನ್ನು ಸಂಗತಿಯದು, ಕಾನೂನಿನದು ಎಂದು ಎರಡಾಗಿಯೇ ವಿಂಗಡಿಸುತ್ತದೆ. ಅಂದರೆ ಮೂಲದಲ್ಲಿ ‘ಮ್ಯಾಟರ್ ಆಫ್ ಫ್ಯಾಕ್ಟ್’ ಎಂದರೆ ಸಾಕ್ಷ್ಯದಿಂದ ತೀರ್ಮಾನವಾಗಬೇಕಾದ ವಿಷಯವೇ ಹೊರತು ಆಗಲೇ ಸಾಬೀತಾದ ಸತ್ಯವಲ್ಲ. 302ರ ಸೀಲಿಂಗ್‌ಗೆ ನೀರು ಎಲ್ಲಿಂದ ಬಂತು ಎನ್ನುವುದು ಇದೇ ಅರ್ಥದ ‘ಮ್ಯಾಟರ್ ಆಫ್ ಫ್ಯಾಕ್ಟ್’. ಅದನ್ನು ನಿರ್ಧರಿಸಬೇಕಾದ್ದು ಪರೀಕ್ಷೆ.

ಇದು ಬರಿಯ ಭಾಷೆಯ ಸೂಕ್ಷ್ಮವಲ್ಲ, ಹಣದ ವಿಷಯವೂ ಹೌದು. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಮಳೆನೀರಿನಿಂದ, ಹೊರಗಿನ ಸಾಮಾನ್ಯ ಪೈಪಿನಿಂದ, ಡ್ರೈನೇಜ್ ಲೈನಿನಿಂದ ಆಗುವ ಸೋರಿಕೆಯ ರಿಪೇರಿ ಸೊಸೈಟಿಯ ಖರ್ಚು. ಫ್ಲ್ಯಾಟಿನ ಒಳಗಿನದು ಆಯಾ ಸದಸ್ಯರದು. ಡಕ್ಟ್‌ನಲ್ಲಿ (ಪೈಪುಗಳು ಹಾದುಹೋಗುವ ಸಂದಿಯಲ್ಲಿ) ಇರುವ ಸಾಮಾನ್ಯ ಪೈಪು ಒಡೆದಿದ್ದರೆ ಒಂದು ಲೆಕ್ಕ, 402ರ ನಹನಿ ಟ್ರ್ಯಾಪ್ (ಬಾತ್‌ರೂಮ್ ನೆಲದಲ್ಲಿ ನೀರು ಹೋಗುವ ತೂತು) ಸುತ್ತ ವಾಟರ್‌ಪ್ರೂಫಿಂಗ್ ಹೋಗಿದ್ದರೆ ಇನ್ನೊಂದು ಲೆಕ್ಕ. ಮಿನಿಟ್ಸ್‌ನಲ್ಲಿ ‘ಲೀಕೇಜ್ ಫ್ರಮ್ 402’ ಎಂಬ ಮೂರು ಪದ ಬಿದ್ದರೆ ಖರ್ಚು ಯಾರ ತಲೆಗೆ ಎಂಬುದನ್ನು ಪರೀಕ್ಷೆಗೆ ಮುಂಚೆಯೇ ಬರೆದ ಹಾಗೆ. ನಾಳೆ ವಿವಾದ ಕೋಆಪರೇಟಿವ್ ಕೋರ್ಟಿಗೆ ಹೋದರೆ ಮೊದಲು ತೆರೆಯುವುದು ಮಿನಿಟ್ಸ್ ಪುಸ್ತಕವನ್ನೇ.

ಕರಡಿನ ಆ ಭಾಗವನ್ನು ಹತ್ತಿರದಿಂದ ನೋಡೋಣ. ನೀವು ಬರೆದದ್ದು: ‘ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, ಹೆವಿ ಲೀಕೇಜ್ ಫ್ರಮ್ 402 ಹ್ಯಾಸ್ ಡ್ಯಾಮೇಜ್ಡ್ ದ ಸೀಲಿಂಗ್ ಆಫ್ 302. ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್, 402 ರೆಫ್ಯೂಸ್ಡ್ ಟು ಕೋಆಪರೇಟ್ ಈವನ್ ಆಫ್ಟರ್ ರಿಪೀಟೆಡ್ ರಿಕ್ವೆಸ್ಟ್ಸ್.’

‘ಹೆವಿ’ ಎಂದರೆ ಎಷ್ಟು? ಬಕೆಟ್ ಇಡಬೇಕಾಗಿತ್ತೇ, ಅಥವಾ ಬಣ್ಣ ಉಬ್ಬಿತ್ತೇ? ‘ಫ್ರಮ್ 402’ ಎಂದು ತೀರ್ಮಾನಿಸಿದವರು ಯಾರು? ‘ರೆಫ್ಯೂಸ್ಡ್’ ಎಂದರೆ ಒಲ್ಲೆ ಎಂದರು. ಅವರು ಹೇಳಿದ್ದು ಮಕ್ಕಳ ಪರೀಕ್ಷೆ ಮುಗಿಯಲಿ ಎಂದು. ‘ಟು ಕೋಆಪರೇಟ್’ ಎಂಬುದು ಅವರ ಸ್ವಭಾವದ ಮೇಲಿನ ಟೀಕೆ. ‘ಈವನ್’ ಎಂಬ ಒಂದೇ ಪದದಲ್ಲಿ ‘ಇಷ್ಟಾದರೂ’ ಎಂಬ ಅಸಮಾಧಾನ ತುಂಬಿದೆ. ‘ರಿಪೀಟೆಡ್’ ಎಂದು ಓದಿದವರು ಹತ್ತು ಸಲ ಎಂದುಕೊಳ್ಳುತ್ತಾರೆ, ಪತ್ರಗಳು ಎರಡೇ. ನುಡಿಗಟ್ಟನ್ನು ಮಾತ್ರ ತೆಗೆದು ಉಳಿದದ್ದನ್ನು ಹಾಗೇ ಬಿಟ್ಟರೆ 402ರವರ ದೂರು ಅಲ್ಲಿಯೇ ಉಳಿಯುತ್ತದೆ. ಅದರ ಬದಲು ‘ಇನ್ ಫ್ಯಾಕ್ಟ್’, ‘ಆ್ಯಕ್ಚುಲಿ’ ಹಾಕಿದರೂ ಅಷ್ಟೇ, ಅವು ಅದೇ ಮನೆಯ ಮಕ್ಕಳು.

ಇದನ್ನು ಹೀಗೆ ಬರೆಯಬಹುದು: ‘ಆನ್ 14 ಜುಲೈ ದ ಸೆಕ್ರೆಟರಿ ಆ್ಯಂಡ್ ಎ ಪ್ಲಂಬರ್ ಇನ್‌ಸ್ಪೆಕ್ಟೆಡ್ ದ ಬಾತ್‌ರೂಮ್ ಆಫ್ 302. ಎ ಡ್ಯಾಂಪ್ ಪ್ಯಾಚ್ ಆಫ್ ಅಬೌಟ್ 3 ಫೀಟ್ ಬೈ 2 ಫೀಟ್ ವಾಸ್ ಸೀನ್ ಆನ್ ದ ಸೀಲಿಂಗ್. ದ ಫ್ಲೋರ್ ಆಫ್ 402 ವಾಸ್ ನಾಟ್ ಓಪನ್ಡ್. ದ ಕಾಸ್ ಹ್ಯಾಸ್ ನಾಟ್ ಬೀನ್ ಎಸ್ಟ್ಯಾಬ್ಲಿಶ್ಡ್. ದ ಸೊಸೈಟಿ ರೋಟ್ ಟು ದ ಓನರ್ ಆಫ್ 402 ಆನ್ 16 ಜುಲೈ ಆ್ಯಂಡ್ 2 ಆಗಸ್ಟ್. ದ ಓನರ್ ಆಸ್ಕ್ಡ್ ದ ಸೊಸೈಟಿ ಟು ವೇಟ್ ಅಂಟಿಲ್ ದ ಚಿಲ್ಡ್ರನ್ಸ್ ಎಕ್ಸಾಮ್ಸ್ ವರ್ ಓವರ್.’ ಕಲೆಯ ಅಳತೆಯನ್ನು ನಾನು ಮಾದರಿಗಾಗಿ ಹಾಕಿದ್ದೇನೆ, ನೀವು ಟೇಪು ಹಿಡಿದು ನೋಡಿದ್ದನ್ನೇ ಬರೆಯಿರಿ. ಚೇರ್ಮನ್ನರು ಕೇಳಿದ ಧಾಟಿ ಇದು. ಆ ಪದ ಎಲ್ಲಿಯೂ ಬಂದಿಲ್ಲ, ಬರಬೇಕಾಗಿಯೂ ಇಲ್ಲ.

ಇಂಥ ಬರಹದಲ್ಲಿ ಹೆಚ್ಚು ಮೋಸ ಮಾಡುವುದು ‘ಹೇಳಿದರು’ ಎಂಬ ಅರ್ಥದ ಕ್ರಿಯಾಪದಗಳು. ‘ಸೆಡ್’ ಅಥವಾ ‘ಸ್ಟೇಟೆಡ್’ ಎಂದರೆ ಹೇಳಿದರು, ಅಷ್ಟೇ. ‘ಕ್ಲೇಮ್ಡ್’ ಎಂದರೆ ಹೇಳಿದರು, ನಮಗೆ ನಂಬಿಕೆಯಿಲ್ಲ. ‘ಪಾಯಿಂಟೆಡ್ ಔಟ್’ ಎಂದರೆ ಹೇಳಿದರು, ಅದು ನಿಜ. ‘ಅಡ್ಮಿಟೆಡ್’ ಎಂದರೆ ತಪ್ಪೊಪ್ಪಿಕೊಂಡರು. 2019ರಲ್ಲಿ ಟೈಲ್ಸ್ ಬದಲಾಯಿಸಿದೆವು ಎಂದು ಒಬ್ಬರು ಸಹಜವಾಗಿ ಹೇಳಿದ್ದನ್ನು ‘ಅಡ್ಮಿಟೆಡ್’ ಎಂದು ಬರೆದರೆ ಅವರೇ ಅಪರಾಧಿ. ‘ಫೇಲ್ಡ್ ಟು ಅಟೆಂಡ್’ನಲ್ಲಿ ದೂಷಣೆಯಿದೆ, ‘ಡಿಡ್ ನಾಟ್ ಅಟೆಂಡ್’ನಲ್ಲಿ ಇಲ್ಲ. 302ರವರಿಗೆ ‘ಪಾಯಿಂಟೆಡ್ ಔಟ್’, 402ರವರಿಗೆ ‘ಕ್ಲೇಮ್ಡ್’ ಎಂದು ಹಂಚಿದರೆ ಉಳಿದದ್ದೆಲ್ಲ ಸರಿಯಿದ್ದರೂ ತಕ್ಕಡಿ ವಾಲುತ್ತದೆ. ಇಬ್ಬರಿಗೂ ‘ಸೆಡ್’ ಸಾಕು. ಒಂದೇ ಪದ ಮತ್ತೆಮತ್ತೆ ಬರುತ್ತದಲ್ಲ ಎಂಬ ಸಂಕೋಚ ಶಾಲೆಯ ಪ್ರಬಂಧಕ್ಕಿರಲಿ.

ತಟಸ್ಥ ಎಂದರೆ ಕರ್ಮಣಿ ಪ್ರಯೋಗ ಎಂಬ ತಿಳಿವಳಿಕೆಯೂ ಆಫೀಸುಗಳಲ್ಲಿ ಬೇರೂರಿದೆ. ‘ಇಟ್ ವಾಸ್ ಡಿಸೈಡೆಡ್’, ‘ಡ್ಯಾಮೇಜ್ ವಾಸ್ ಕಾಸ್ಡ್’ ಎಂದು ಬರೆದರೆ ಗಂಭೀರವಾಗಿ ಕಾಣುತ್ತದೆ, ಯಾರು ಎಂಬುದು ಮಾತ್ರ ಮಾಯವಾಗುತ್ತದೆ. ಯಾರು ಮಾಡಿದ್ದು ಗೊತ್ತಿಲ್ಲದಾಗ ಅಥವಾ ಮುಖ್ಯವಲ್ಲದಾಗ ಅದು ಸರಿ. ಮೇಲಿನ ‘ವಾಸ್ ಸೀನ್’ನಲ್ಲಿ ನೋಡಿದವರು ಯಾರೆಂದು ಹಿಂದಿನ ವಾಕ್ಯ ಹೇಳಿದೆ. ಕಮಿಟಿ ತೀರ್ಮಾನಿಸಿದ್ದರೆ ‘ದ ಕಮಿಟಿ ಡಿಸೈಡೆಡ್’ ಎನ್ನಿ. ಹಾಗೆಯೇ ಒಂದು ಕಡೆಯವರ ಮಾತನ್ನು ಬಿಟ್ಟುಬಿಟ್ಟರೆ ಒಂದೂ ವಿಶೇಷಣವಿಲ್ಲದ ಬರಹವೂ ಪಕ್ಷಪಾತವೇ. ಮಕ್ಕಳ ಪರೀಕ್ಷೆಯ ಮಾತು ನಿಮ್ಮ ಕರಡಿನಲ್ಲಿ ಇರಲೇ ಇಲ್ಲ. 402ರವರಿಗೆ ಹೆಚ್ಚು ನೋವಾದದ್ದು ಅದಕ್ಕೇ ಇರಬೇಕು ಎಂದು ನನಗನ್ನಿಸುತ್ತದೆ.

ಸಭೆಯಲ್ಲಿ ಯಾರೋ ಕೂಗಾಡಿದರೆ ಏನು ಮಾಡುವುದು, ಅದೂ ಸಂಗತಿಯಲ್ಲವೇ ಎಂದು ನೀವು ಕೇಳಬಹುದು. 1872ರ ಸಾಕ್ಷ್ಯ ಕಾಯಿದೆ ‘ಫ್ಯಾಕ್ಟ್’ ಎಂಬುದಕ್ಕೆ ಕೊಟ್ಟ ಉದಾಹರಣೆಗಳು ಇಲ್ಲಿ ಉಪಯೋಗಕ್ಕೆ ಬರುತ್ತವೆ: ವಸ್ತುಗಳು ಒಂದು ಜಾಗದಲ್ಲಿ ಒಂದು ಕ್ರಮದಲ್ಲಿ ಇದ್ದದ್ದು, ಒಬ್ಬರು ಏನನ್ನೋ ಕಂಡದ್ದು ಅಥವಾ ಕೇಳಿದ್ದು, ಒಬ್ಬರು ಇಂಥ ಮಾತು ಆಡಿದ್ದು, ಒಬ್ಬರಿಗೆ ಇಂಥ ಅಭಿಪ್ರಾಯ ಇರುವುದು. ಕಾಯಿದೆ ಈಗ ಭಾರತೀಯ ಸಾಕ್ಷ್ಯ ಅಧಿನಿಯಮವಾಗಿದೆ, ಆ ವಿವರಣೆ ಉಳಿದುಕೊಂಡಿದೆ. ಅಂದರೆ ಅಭಿಪ್ರಾಯವನ್ನೂ ಸಂಗತಿಯಾಗಿ ದಾಖಲಿಸಬಹುದು, ಅದು ಯಾರ ಅಭಿಪ್ರಾಯ ಎಂದು ಹೇಳಿದರೆ ಸಾಕು. ‘402ರಿಂದಲೇ ಸೋರುತ್ತಿದೆ’ ಎನ್ನುವುದು ತೀರ್ಪು. ‘402ರಿಂದಲೇ ಸೋರುತ್ತಿದೆ ಎಂದು 302ರ ಮಾಲೀಕರು ಹೇಳಿದರು’ ಎನ್ನುವುದು ಸಂಗತಿ. ‘ಒರಟಾಗಿ ವರ್ತಿಸಿದರು’ ಎಂದು ಬರೆಯುವ ಬದಲು, ನಿರ್ಣಯಕ್ಕೆ ಮುಂಚೆ ಅವರು ಎದ್ದು ಹೋಗಿದ್ದರೆ ‘ಲೆಫ್ಟ್ ದ ಮೀಟಿಂಗ್ ಬಿಫೋರ್ ದ ವೋಟ್’ ಎಂದು ಬರೆಯಿರಿ. ಕೂಗಿದ್ದನ್ನು ಬಿಡಬಹುದು.

ಈ ಧಾಟಿ ಎಲ್ಲ ಕಡೆಗೂ ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ಇಂಗ್ಲಿಷಿನಲ್ಲಿ ‘ಮ್ಯಾಟರ್-ಆಫ್-ಫ್ಯಾಕ್ಟ್’ ಎಂದರೆ ಹೊಗಳಿಕೆಯೂ ಆಗಬಹುದು, ರಸವಿಲ್ಲದ, ಭಾವವಿಲ್ಲದ ಎಂಬ ತೆಗಳಿಕೆಯೂ ಆಗಬಹುದು. ಯಾರದೋ ಶಿಫಾರಸು ಪತ್ರದಲ್ಲಿ ‘ಎ ಮ್ಯಾಟರ್-ಆಫ್-ಫ್ಯಾಕ್ಟ್ ಪರ್ಸನ್’ ಎಂದು ಬರೆದರೆ ಒಣ ಮನುಷ್ಯ ಎಂದು ಅರ್ಥವಾದೀತು. ಅಲ್ಲಿ ‘ಪ್ರ್ಯಾಕ್ಟಿಕಲ್’ ಎಂಬ ಪದ ಕ್ಷೇಮ. ಬಿಲ್ಡಿಂಗ್‌ನಲ್ಲಿ ಯಾರಾದರೂ ತೀರಿಕೊಂಡಾಗ ಹಾಕುವ ನೋಟಿಸನ್ನು ಲೀಕೇಜ್ ವರದಿಯ ಹಾಗೆ ಬರೆಯಬಾರದು.

ಈಗ ಮಾಡಬೇಕಾದ್ದು. ಮಿನಿಟ್ಸ್ ಇನ್ನೂ ದೃಢೀಕರಣವಾಗಿಲ್ಲವಾದರೆ ತಿದ್ದಿದ ಕರಡನ್ನು ಬದಲಾವಣೆಗಳ ಪಟ್ಟಿಯೊಂದಿಗೆ ಎಲ್ಲರಿಗೂ ಮತ್ತೆ ಕಳಿಸಿ. 302ರವರು ‘402ರ ಒತ್ತಡಕ್ಕೆ ಮಣಿದಿರಿ’ ಎನ್ನಬಹುದು; ಎರಡು ಕಡೆಯವರಿಗೂ ಒಂದೇ ದಿನ ಒಂದೇ ಪ್ರತಿ ಕೊಟ್ಟರೆ ಆ ಮಾತಿಗೆ ಬಲ ಇರುವುದಿಲ್ಲ. ಸಹಿ ಆಗಿ ಪುಸ್ತಕ ಸೇರಿದ್ದರೆ ಅದನ್ನು ಮುಟ್ಟಬೇಡಿ. ವೈಟ್ನರ್ ಹಚ್ಚುವುದು, ಹಾಳೆ ಬದಲಿಸುವುದು ಮೂಲ ತಪ್ಪಿಗಿಂತ ದೊಡ್ಡ ತಪ್ಪು. ಮುಂದಿನ ಸಭೆಯಲ್ಲಿ ಯಾವ ವಾಕ್ಯ ಏನಾಗಿ ಬದಲಾಗಬೇಕು ಎಂದು ನಿರ್ಣಯ ಮಾಡಿ ಆ ದಿನದ ಮಿನಿಟ್ಸ್‌ನಲ್ಲಿ ಬರೆಸಿ. ಏನೂ ಮಾಡದೆ ಸುಮ್ಮನಿರುವುದೂ ಒಂದು ದಾರಿಯೇ, ಆದರೆ ಆಗ ಪರೀಕ್ಷೆಯಾಗದ ಕಾರಣವನ್ನು ಸೊಸೈಟಿಯೇ ಒಪ್ಪಿಕೊಂಡ ಹಾಗೆ ಬರಹ ಉಳಿಯುತ್ತದೆ, ಡಕ್ಟ್ ಪೈಪು ಒಡೆದಿದ್ದು ಆಮೇಲೆ ಕಂಡರೆ ಕಷ್ಟ.

402ರವರಿಗೆ ಉದ್ದ ಸಮಜಾಯಿಷಿ ಬೇಡ. ಮೂರು ವಾಕ್ಯ ಸಾಕು: ನಿಮ್ಮ ಪತ್ರ ಇಂಥ ತಾರೀಕಿಗೆ ತಲುಪಿದೆ. ಸೋರಿಕೆಯ ಕಾರಣ ಇನ್ನೂ ಪರೀಕ್ಷೆಯಾಗಿಲ್ಲ, ಹಾಗೆ ತಿದ್ದಿದ ಕರಡು ಜೊತೆಗಿದೆ. ಮಕ್ಕಳ ಪರೀಕ್ಷೆ ಮುಗಿದ ಮೇಲೆ ನಹನಿ ಟ್ರ್ಯಾಪ್ ಮುಚ್ಚಿ ನೀರು ನಿಲ್ಲಿಸಿ ನೋಡಲು ನಿಮಗೆ ಅನುಕೂಲವಾದ ಎರಡು ದಿನ ತಿಳಿಸಿ.